ಅಂಟ್‌ವರ್ಪ್‌ನಲ್ಲಿ ಓಡಿದ ಬೆಳಗಾವಿಯ ಫಡೆಪ್ಪ

ಒಲಿಂಪಿಕ್ಸ್ ಎಂದರೆ ನಮಗೆ ಥಟ್ಟನೆ ನೆನಪಾಗುವುದು ನೀರಜ್ ಚೋಪ್ರಾ, ಪಿ.ವಿ. ಸಿಂಧು. ಸ್ವಲ್ಪ ಹಿಂದೆ ಹೋದರೆ ಪಿ.ಟಿ. ಉಷಾ, ಮಿಲ್ಖಾ ಸಿಂಗ್, ಧ್ಯಾನ್ ಚಂದ್. ಅದಕ್ಕೂ ಹಿಂದೆ, ನೂರು ವರ್ಷಕ್ಕೂ ಮೊದಲು, ಭಾರತದ ಹೆಸರಿನಲ್ಲಿ ಒಲಿಂಪಿಕ್ಸ್‌ಗೆ ಹೋದ ಮೊದಲ ತಂಡದಲ್ಲಿ ಬೆಳಗಾವಿಯ ಒಬ್ಬ ಹುಡುಗನಿದ್ದ. ಹೆಸರು ಫಡೆಪ್ಪ ದಾರೆಪ್ಪ ಚೌಗುಲೆ. 1920ರಲ್ಲಿ ಬೆಲ್ಜಿಯಂ ದೇಶದ ಅಂಟ್‌ವರ್ಪ್ ಊರಲ್ಲಿ ಮ್ಯಾರಥಾನ್ ಓಡಿ 19ನೇ ಸ್ಥಾನ ಪಡೆದವನು.

ಫಡೆಪ್ಪ, ದಾರೆಪ್ಪ. ಈ ಹೆಸರುಗಳು ನಮ್ಮ ಕಡೆಯ ಹಳ್ಳಿಗಳಲ್ಲಿ ಇವತ್ತೂ ಕೇಳುತ್ತವೆ. ಚೌಗುಲೆ ಎಂಬುದೂ ಹೊಸದಲ್ಲ. ಹಿಂದೆ ಊರಿನ ಪಾಟೀಲರಿಗೆ ಕೆಲಸದಲ್ಲಿ ಕೈಜೋಡಿಸುತ್ತಿದ್ದ ಹುದ್ದೆಗೆ ಚೌಗಲಾ ಎನ್ನುತ್ತಿದ್ದರು, ಅದೇ ಮುಂದೆ ಮನೆತನದ ಹೆಸರಾಯಿತು. ಆಗ ಬೆಳಗಾವಿ ಮುಂಬಯಿ ಪ್ರಾಂತ್ಯದಲ್ಲಿತ್ತು. 1956ರಲ್ಲಿ ಭಾಷಾವಾರು ರಾಜ್ಯಗಳಾದ ಮೇಲೆ ಮೈಸೂರು ರಾಜ್ಯಕ್ಕೆ ಸೇರಿತು. ಹಾಗಾಗಿ ಹಳೆಯ ಬರಹಗಳಲ್ಲಿ ಫಡೆಪ್ಪ ಮುಂಬಯಿ ಕಡೆಯವನಾಗಿಯೇ ಉಳಿದ. ನಮ್ಮ ಪಠ್ಯಪುಸ್ತಕಗಳ ಕಣ್ಣಿಗೆ ಬೀಳಲಿಲ್ಲ.

ಪುಣೆಯ ಮೈದಾನದಲ್ಲಿ ಶುರುವಾದದ್ದು

ಕಥೆ ಶುರುವಾಗುವುದು 1919ರಲ್ಲಿ, ಪುಣೆಯ ಡೆಕ್ಕನ್ ಜಿಮ್ಖಾನಾದಲ್ಲಿ. ಆ ಸಂಸ್ಥೆಯ ಅಧ್ಯಕ್ಷರು ಸರ್ ದೊರಾಬ್‌ಜಿ ಟಾಟಾ. ಜಮ್‌ಷೆಡ್‌ಜಿ ಟಾಟಾ ಅವರ ಹಿರಿಯ ಮಗ. ಅಲ್ಲಿ ನಡೆದ ಕ್ರೀಡಾಕೂಟದಲ್ಲಿ ದೂರದ ಓಟಕ್ಕೆ ಬಂದವರಲ್ಲಿ ಹೆಚ್ಚಿನವರು ರೈತಾಪಿ ಜನ. ಕಾಲಲ್ಲಿ ಬೂಟಿಲ್ಲ, ತರಬೇತಿ ಇಲ್ಲ. ಆದರೂ ಗಡಿಯಾರ ಹಿಡಿದು ನೋಡಿದಾಗ ಅವರ ಸಮಯ ಯುರೋಪಿನ ಓಟಗಾರರ ಸಮಯಕ್ಕೆ ತೀರಾ ದೂರವಿರಲಿಲ್ಲ. ಇದನ್ನು ದೊರಾಬ್‌ಜಿ ಅವರೇ ಮುಂದೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಗೆ ಬರೆದ ಪತ್ರದಲ್ಲಿ ನೆನಪಿಸಿಕೊಂಡಿದ್ದಾರೆ.

ಇವರನ್ನು ಒಲಿಂಪಿಕ್ಸ್‌ಗೆ ಯಾಕೆ ಕಳಿಸಬಾರದು ಎಂಬ ಆಲೋಚನೆ ಹುಟ್ಟಿದ್ದು ಅಲ್ಲಿಂದ. ಮುಂಬಯಿ ಗವರ್ನರ್ ಆಗಿದ್ದ ಜಾರ್ಜ್ ಲಾಯ್ಡ್ ಅವರ ಬೆಂಬಲವನ್ನು ದೊರಾಬ್‌ಜಿ ಪಡೆದರು. ಬ್ರಿಟಿಷ್ ಒಲಿಂಪಿಕ್ ಸಮಿತಿಯ ಮೂಲಕ ಭಾರತದ ತಂಡಕ್ಕೆ ಜಾಗ ಸಿಕ್ಕಿತು. ಖರ್ಚಿಗೆ ದೊರಾಬ್‌ಜಿ ತಮ್ಮ ಕೈಯಿಂದಲೇ ಹಣ ಹಾಕಿದರು. ಸರ್ಕಾರದಿಂದ, ಸಾರ್ವಜನಿಕರಿಂದಲೂ ಅಷ್ಟಿಷ್ಟು ಸೇರಿತು.

ಆ ದಿನಗಳ ಒಂದು ಪ್ರಸಂಗ ಕ್ರೀಡಾ ಇತಿಹಾಸದ ಪುಸ್ತಕಗಳಲ್ಲಿದೆ. ತಂಡ ಆರಿಸುವ ಸಮಿತಿಯಲ್ಲಿ, 100 ಮೀಟರ್ ಓಟಕ್ಕೆ ಎಷ್ಟು ಸಮಯ ಅರ್ಹತೆ ಎಂಬ ಪ್ರಶ್ನೆ ಬಂತಂತೆ. ಸದಸ್ಯರೊಬ್ಬರು ಎರಡು ಮೂರು ನಿಮಿಷ ಇರಬಹುದು ಎಂದರಂತೆ. ಅದು ನಿಮಿಷದ ಲೆಕ್ಕವಲ್ಲ, ಸೆಕೆಂಡಿನ ಲೆಕ್ಕ ಎಂದಾಗ ಅವರಿಗೆ ಆಶ್ಚರ್ಯವಾಯಿತಂತೆ. ನಗು ಬರುತ್ತದೆ, ನಿಜ. ಆದರೆ ಇದರಲ್ಲಿ ಒಂದು ಸತ್ಯವೂ ಇದೆ. ಓಡುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದರು. ಅವರನ್ನು ಆರಿಸುವ ಕುರ್ಚಿಯಲ್ಲಿ ಕೂತವರಿಗೆ ಓಟ ಗೊತ್ತಿರಲಿಲ್ಲ.

ಆರು ಜನ ಹೋದರು

ಕೊನೆಗೆ ಆಯ್ಕೆಯಾದವರು ಆರೇ ಜನ. ಬಂಗಾಳದ ಪೂರ್ಮಾ ಬ್ಯಾನರ್ಜಿ 100 ಮತ್ತು 400 ಮೀಟರ್ ಓಟಕ್ಕೆ. ದೂರದ ಓಟಗಳಿಗೆ ಫಡೆಪ್ಪ ಚೌಗುಲೆ, ಸದಾಶಿವ ದಾತಾರ್ ಮತ್ತು ಕೈಕಾಡಿ. ಕುಸ್ತಿಗೆ ಕುಮಾರ್ ನವಲೆ ಮತ್ತು ರಣಧೀರ್ ಶಿಂಧೆ. ಇದಕ್ಕೂ ಮೊದಲು, 1900ರ ಪ್ಯಾರಿಸ್ ಕೂಟದಲ್ಲಿ ಕೋಲ್ಕತ್ತದಲ್ಲಿ ಹುಟ್ಟಿದ ನಾರ್ಮನ್ ಪ್ರಿಚರ್ಡ್ ಎರಡು ಬೆಳ್ಳಿ ಗೆದ್ದಿದ್ದರು. ಆದರೆ ಅವರು ಒಬ್ಬರೇ ಹೋಗಿ ಓಡಿದವರು. ತಂಡ ಅಂತ ಹೋದದ್ದು 1920ರಲ್ಲಿಯೇ ಮೊದಲು.

ವಿಮಾನ ಇಲ್ಲದ ಕಾಲ. ಮುಂಬಯಿಯಿಂದ ಹಡಗಿನಲ್ಲಿ ಹೊರಟು ಇಂಗ್ಲೆಂಡ್ ತಲುಪಿ, ಲಂಡನ್ನಿನಲ್ಲಿ ಕೆಲವು ವಾರ ತರಬೇತಿ ಪಡೆದು, ಅಲ್ಲಿಂದ ಬೆಲ್ಜಿಯಂಗೆ. ಊರ ಬಯಲಲ್ಲಿ, ಹೊಲದ ದಾರಿಯಲ್ಲಿ ಬರಿಗಾಲಲ್ಲಿ ಓಡಿ ರೂಢಿಯಾದವರಿಗೆ ಚಳಿ, ಊಟ, ಭಾಷೆ ಎಲ್ಲವೂ ಬೇರೆ.

ಅಂಟ್‌ವರ್ಪ್ ಕೂಡ ನಲಿಯುವ ಸ್ಥಿತಿಯಲ್ಲಿರಲಿಲ್ಲ. ಮೊದಲ ಮಹಾಯುದ್ಧ ಮುಗಿದು ಎರಡು ವರ್ಷವೂ ಆಗಿರಲಿಲ್ಲ. ಯುದ್ಧದಲ್ಲಿ ನಲುಗಿದ ಬೆಲ್ಜಿಯಂಗೆ ಗೌರವ ತೋರಲೆಂದೇ ಕೂಟವನ್ನು ಅಲ್ಲಿ ಇಟ್ಟಿದ್ದರು. ಅದೇ ದೇಶದ ಈಪ್ರ್ ಬಳಿ ನಮ್ಮ ಭಾರತದ ಸಿಪಾಯಿಗಳೂ ಸಾವಿರಗಟ್ಟಲೆ ಹೋರಾಡಿದ್ದರು. ಅವರಲ್ಲಿ ಮಡಿದವರ ಹೆಸರುಗಳು ಅಲ್ಲಿನ ಮೆನಿನ್ ಗೇಟ್ ಸ್ಮಾರಕದಲ್ಲಿ ಇವತ್ತಿಗೂ ಇವೆ. ಯುದ್ಧದಲ್ಲಿ ಸೋತ ಜರ್ಮನಿ, ಆಸ್ಟ್ರಿಯಾ ಮುಂತಾದ ದೇಶಗಳಿಗೆ ಕೂಟಕ್ಕೆ ಆಹ್ವಾನವೇ ಇರಲಿಲ್ಲ.

ಆಗಸ್ಟ್ 14ರಂದು ಉದ್ಘಾಟನೆ. ಐದು ಉಂಗುರಗಳ ಒಲಿಂಪಿಕ್ ಬಾವುಟ ಒಲಿಂಪಿಕ್ಸ್ ಕೂಟದಲ್ಲಿ ಮೊದಲ ಸಲ ಹಾರಿದ್ದು ಇಲ್ಲಿಯೇ. ಕ್ರೀಡಾಪಟುಗಳ ಪ್ರತಿಜ್ಞೆ ಶುರುವಾದದ್ದೂ ಇಲ್ಲಿಯೇ. ಭಾರತದ ತಂಡದ ಮುಂದೆ ಧ್ವಜ ಹಿಡಿದು ನಡೆದವರು ಬ್ಯಾನರ್ಜಿ. ಧ್ವಜ ಮಾತ್ರ ನಮ್ಮದಲ್ಲ, ಬ್ರಿಟಿಷರದ್ದು. ಅದಕ್ಕೆ ಎರಡು ವಾರ ಮೊದಲು, ಆಗಸ್ಟ್ 1ರಂದು, ಲೋಕಮಾನ್ಯ ತಿಲಕರು ತೀರಿಕೊಂಡಿದ್ದರು. ಅಂದೇ ಗಾಂಧೀಜಿಯ ಅಸಹಕಾರ ಚಳವಳಿಯೂ ಶುರುವಾಗಿತ್ತು. ಊರಲ್ಲಿ ಜನ ಬ್ರಿಟಿಷರಿಗೆ ಎದುರು ನಿಲ್ಲುತ್ತಿದ್ದಾಗ, ಆರು ಜನ ಹುಡುಗರು ಅವರದೇ ಧ್ವಜದ ಹಿಂದೆ, ಆದರೆ ಭಾರತ ಎಂಬ ಹೆಸರು ಹೊತ್ತು ನಡೆದರು. ಆ ಹೆಸರು ಅಲ್ಲಿ ಕೇಳಿಸಿದ್ದೇ ಆ ಹೊತ್ತಿಗೆ ದೊಡ್ಡದು.

ಕಿಲೋಮೀಟರಿಗೆ ನಾಲ್ಕು ನಿಮಿಷ

ಬ್ಯಾನರ್ಜಿ ಮೊದಲ ಸುತ್ತಿನಲ್ಲೇ ಹೊರಬಿದ್ದರು. ಮೈದಾನದ ದೂರದ ಓಟಗಳಲ್ಲಿಯೂ ನಮ್ಮವರು ಯಾರೂ ಫೈನಲ್ ಮುಟ್ಟಲಿಲ್ಲ. ಉಳಿದದ್ದು ಮ್ಯಾರಥಾನ್.

ಆಗಸ್ಟ್ 22. ಮಳೆ, ತಂಪು, ಕೆಸರು ದಾರಿ. ಮ್ಯಾರಥಾನ್ ಎಂದರೆ ಇವತ್ತು 42.195 ಕಿಲೋಮೀಟರ್. ಅಂಟ್‌ವರ್ಪ್‌ನಲ್ಲಿ ಓಡಿಸಿದ್ದು 42.75 ಕಿಲೋಮೀಟರ್. ಒಲಿಂಪಿಕ್ಸ್ ಚರಿತ್ರೆಯಲ್ಲೇ ಅತಿ ಉದ್ದದ ಮ್ಯಾರಥಾನ್ ಅದು. ಫಿನ್ಲೆಂಡಿನ ಹೆಸರಾಂತ ಓಟಗಾರ ಹಾನ್ನೆಸ್ ಕೋಲೆಹ್ಮೈನೆನ್ 2 ಗಂಟೆ 32 ನಿಮಿಷ 35 ಸೆಕೆಂಡುಗಳಲ್ಲಿ ಗೆದ್ದರು. ಎರಡನೆಯವರಾಗಿ ಬಂದ ಎಸ್ಟೋನಿಯಾದ ಯೂರಿ ಲಾಸ್ಮನ್ ಕೇವಲ 13 ಸೆಕೆಂಡು ಹಿಂದೆ.

ಫಡೆಪ್ಪ ಮುಗಿಸಿದ್ದು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ. 19ನೇ ಸ್ಥಾನ. ಜೊತೆಗೆ ಹೊರಟಿದ್ದ ದಾತಾರ್‌ಗೆ ಕೊನೆಯವರೆಗೆ ಓಡಲು ಆಗಲಿಲ್ಲ. ಓಟಕ್ಕೆ ಇಳಿದವರು ಐವತ್ತಕ್ಕೆ ಹತ್ತಿರ ಜನ, ಅವರಲ್ಲಿ ಹಲವರು ಅರ್ಧಕ್ಕೇ ಬಿಟ್ಟಿದ್ದರು.

19ನೇ ಸ್ಥಾನ ಏನು ಮಹಾ ಎನ್ನಬೇಡಿ. ಲೆಕ್ಕ ಹಾಕಿ ನೋಡೋಣ. ಒಂದು ಕಿಲೋಮೀಟರಿಗೆ ಸರಿಸುಮಾರು ನಾಲ್ಕು ನಿಮಿಷ. ನಿಮ್ಮ ತಾಲ್ಲೂಕು ಕ್ರೀಡಾಂಗಣದಲ್ಲಿ 400 ಮೀಟರ್ ಟ್ರ್ಯಾಕ್ ಇದ್ದರೆ, ಒಂದು ಸುತ್ತನ್ನು 96 ಸೆಕೆಂಡಿನಲ್ಲಿ ಓಡಿ. ಹೀಗೆ ನಿಲ್ಲದೆ ಸುಮಾರು 107 ಸುತ್ತು. ಈಗ ಸೇನೆಗೆ, ಪೊಲೀಸ್ ಕೆಲಸಕ್ಕೆ ಅಂತ ಬೆಳಗಿನ ಜಾವ ರಸ್ತೆಯಲ್ಲಿ ಓಡುವ ಹುಡುಗರಿಗೆ ಆ ವೇಗದ ಅರ್ಥ ಗೊತ್ತಾಗುತ್ತದೆ. 1902ರಲ್ಲಿ ಹುಟ್ಟಿದ ಫಡೆಪ್ಪನಿಗೆ ಆಗ ಇಪ್ಪತ್ತು ವರ್ಷವೂ ತುಂಬಿರಲಿಲ್ಲ.

ಕುಸ್ತಿಯಲ್ಲಿ ಕೂದಲೆಳೆ

ಕುಸ್ತಿ ಕಣದಲ್ಲಿ ನವಲೆ ಮೊದಲ ಪಂದ್ಯದಲ್ಲೇ ಸೋತರು. ಶಿಂಧೆ ಮಾತ್ರ ಫ್ರೀಸ್ಟೈಲ್ ಫೆದರ್‌ವೇಟ್ ವಿಭಾಗದಲ್ಲಿ ಕಂಚಿನ ಪದಕದ ಪಂದ್ಯದವರೆಗೆ ಹೋದರು. ಅಲ್ಲಿ ಬ್ರಿಟನ್ನಿನ ಬರ್ನಾರ್ಡ್ ಎದುರು ಸೋತು ನಾಲ್ಕನೇ ಸ್ಥಾನಕ್ಕೆ ನಿಂತರು. ಗರಡಿ ಮನೆಯ ಮಣ್ಣಿನಲ್ಲಿ ಕಲಿತ ಪೈಲ್ವಾನರಿಗೆ ಒಲಿಂಪಿಕ್ಸ್ ನಿಯಮ, ಅಲ್ಲಿನ ಹಾಸು ಎರಡೂ ಹೊಸದು. ಆದರೂ ಪದಕಕ್ಕೆ ಒಂದೇ ಪಂದ್ಯ ಬಾಕಿ ಇತ್ತು.

ಆ ಪದಕ ಬರಲು ಮತ್ತೆ 32 ವರ್ಷ ಬೇಕಾಯಿತು. 1952ರ ಹೆಲ್ಸಿಂಕಿಯಲ್ಲಿ ಕುಸ್ತಿಯ ಕಂಚು ಗೆದ್ದವರು ಖಾಶಾಬಾ ಜಾಧವ್. ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಪದಕ ಅದು. ಅವರು ಸಾತಾರಾ ಜಿಲ್ಲೆಯ ಕರಾಡ ಬಳಿಯ ಗೋಳೇಶ್ವರ ಹಳ್ಳಿಯವರು. ಅವರ ಪ್ರಯಾಣಕ್ಕೆ ಊರವರು ಚಂದಾ ಎತ್ತಿದರು. ಕೊಲ್ಲಾಪುರದಲ್ಲಿ ಅವರು ಓದಿದ ಕಾಲೇಜಿನ ಪ್ರಾಂಶುಪಾಲರು ತಮ್ಮ ಮನೆಯನ್ನೇ ಅಡ ಇಟ್ಟು 7,000 ರೂಪಾಯಿ ಕೊಟ್ಟರು. 1920ರಲ್ಲಿ ಒಬ್ಬ ದೊಡ್ಡ ಉದ್ಯಮಿ ಕೈ ಹಿಡಿದಿದ್ದರು. 1952ರಲ್ಲಿ ಊರೂ ಒಬ್ಬ ಮೇಷ್ಟರೂ ಹಿಡಿದರು. ಎರಡೂ ಸಲ ಪೈಲ್ವಾನನ ಬಲಕ್ಕಿಂತ ಮೊದಲು ಬೇಕಾದದ್ದು ದಾರಿ ಖರ್ಚು.

ಆ ಆರು ಜನರಿಂದ ಆದದ್ದೇನು

ಅಂಟ್‌ವರ್ಪ್‌ನಿಂದ ತಂಡ ಬರಿಗೈಯಲ್ಲಿ ಬಂತು. ಆದರೆ ಬಾಗಿಲು ತೆರೆದಿತ್ತು. 1924ರ ಪ್ಯಾರಿಸ್ ಕೂಟಕ್ಕೆ ಮೊದಲು ದೇಶದ ಬೇರೆ ಬೇರೆ ಪ್ರಾಂತ್ಯಗಳಲ್ಲಿ ಸ್ಪರ್ಧೆ ನಡೆಸಿ, ದೆಹಲಿಯಲ್ಲಿ ಕೊನೆಯ ಆಯ್ಕೆ ಮಾಡಿದರು. ನಿಮಿಷ ಮತ್ತು ಸೆಕೆಂಡಿನ ವ್ಯತ್ಯಾಸ ತಿಳಿದವರು ಈಗ ಮುಂದೆ ಬಂದಿದ್ದರು. ಮದ್ರಾಸಿನ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜಿನ ಹ್ಯಾರಿ ಬಕ್ ಅಂಥವರು ತಂಡ ಕಟ್ಟುವ ಕೆಲಸಕ್ಕೆ ನಿಂತರು. 1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ಹುಟ್ಟಿತು, ದೊರಾಬ್‌ಜಿ ಮೊದಲ ಅಧ್ಯಕ್ಷರು. ಮರುವರ್ಷವೇ ಆಮ್‌ಸ್ಟರ್‌ಡಾಮ್‌ನಲ್ಲಿ ಹಾಕಿ ತಂಡ ಚಿನ್ನ ತಂದಿತು. ಅದರ ನಾಯಕರಾಗಿ ಹೋದ ಜೈಪಾಲ್ ಸಿಂಗ್ ಮುಂಡಾ ಈಗಿನ ಜಾರ್ಖಂಡಿನ ಒಂದು ಆದಿವಾಸಿ ಹಳ್ಳಿಯಲ್ಲಿ ಹುಟ್ಟಿದವರು.

ಧ್ಯಾನ್ ಚಂದ್ ಅವರ ಚಿನ್ನ ಎಲ್ಲರ ಬಾಯಲ್ಲಿದೆ. ಅದಕ್ಕೆ ದಾರಿ ಮಾಡಿದ ಆರು ಜನರ ಹೆಸರು ಸರಿಯಾಗಿ ಬರೆದಿಡುವವರೂ ಇರಲಿಲ್ಲ. ಇಂಗ್ಲಿಷ್ ಪಟ್ಟಿಗಳಲ್ಲಿ ಫಡೆಪ್ಪನ ಮನೆತನ ಒಂದು ಕಡೆ ಚೌಗುಲೆ, ಇನ್ನೊಂದು ಕಡೆ ಚಾಂಗುಲೆ. ಸದಾಶಿವ ಹೋಗಿ ಸದಾಶಿರ್ ಆಗಿದೆ. ಕೈಕಾಡಿಯವರದ್ದಂತೂ ಪೂರ್ತಿ ಹೆಸರೂ ಇಲ್ಲದೆ ಎರಡಕ್ಷರದಲ್ಲೇ ಮುಗಿದಿದೆ.

ನಾವು ಹಳ್ಳಿಯ ಸುದ್ದಿ ಬರೆಯುವವರು. ಜಾತ್ರೆಯ ಕುಸ್ತಿ, ಹಬ್ಬದ ಓಟ, ಶಾಲೆಯ ಕ್ರೀಡಾಕೂಟ ನಮಗೆ ನಾಲ್ಕು ಸಾಲಿನ ಸುದ್ದಿ. ಗೆದ್ದವರ ಹೆಸರಿಗಿಂತ ಬಹುಮಾನ ಕೊಟ್ಟ ಮುಖಂಡರ ಹೆಸರೇ ಅದರಲ್ಲಿ ಉದ್ದ ಇರುತ್ತದೆ. ಎಷ್ಟು ದೂರ, ಎಷ್ಟು ಸಮಯ ಎಂಬುದು ಬಹಳ ಸಲ ಇರುವುದೇ ಇಲ್ಲ. ಯಾಕೆಂದರೆ ಮೈದಾನದಲ್ಲೇ ಯಾರೂ ಬರೆದುಕೊಂಡಿರುವುದಿಲ್ಲ. 1919ರಲ್ಲಿ ಪುಣೆಯಲ್ಲಿ ಯಾರೋ ಗಡಿಯಾರ ನೋಡಿ ಬರೆದುಕೊಂಡದ್ದರಿಂದಲೇ ಬರಿಗಾಲ ಓಟಗಾರರು ಲೆಕ್ಕಕ್ಕೆ ಬಂದರು. ಇಲ್ಲದಿದ್ದರೆ ಫಡೆಪ್ಪನ ಓಟ ಊರ ಬಾಯಲ್ಲೇ ಹುಟ್ಟಿ ಊರ ಬಾಯಲ್ಲೇ ಮುಗಿಯುತ್ತಿತ್ತು.

ಈಗ ಗಡಿಯಾರಕ್ಕೆ ಬರವಿಲ್ಲ. ಪ್ರತಿ ಫೋನಿನಲ್ಲೂ ಸ್ಟಾಪ್‌ವಾಚ್ ಇದೆ. ಮುಂದಿನ ಸಲ ನಿಮ್ಮೂರಲ್ಲಿ ಓಟ ಇಟ್ಟಾಗ ದೂರವನ್ನು ಟೇಪು ಹಿಡಿದು ಅಳೆಯಿರಿ, ಸಮಯ ಬರೆದಿಡಿ, ಹುಡುಗ ಹುಡುಗಿಯರ ಪೂರ್ತಿ ಹೆಸರು ಬರೆಯಿರಿ. ಸಮಯ ಚೆನ್ನಾಗಿದ್ದರೆ ಆ ಚೀಟಿಯನ್ನು ಶಾಲೆಯ ದೈಹಿಕ ಶಿಕ್ಷಕರಿಗೆ, ತಾಲ್ಲೂಕಿನ ಕ್ರೀಡಾ ಇಲಾಖೆಗೆ ತೋರಿಸಿ. ಒಂದು ಚೀಟಿಯಿಂದ ಎಲ್ಲವೂ ಆಗುವುದಿಲ್ಲ. ಚೀಟಿಯೇ ಇಲ್ಲದಿದ್ದರೆ ಏನೂ ಆಗುವುದಿಲ್ಲ.