ಭಾರತದ ರಕ್ಷಣಾ ವೆಚ್ಚ

ಭೂಸೇನೆ, ನೌಕಾಪಡೆ, ವಾಯುಪಡೆಗಳ ಸಂಬಳ ಸಾರಿಗೆ, ಶಸ್ತ್ರಾಸ್ತ್ರ ಖರೀದಿ, ನೆಲೆಗಳ ನಿರ್ಮಾಣ, ರಕ್ಷಣಾ ಸಂಶೋಧನೆ ಮತ್ತು ನಿವೃತ್ತ ಸೈನಿಕರ ಪಿಂಚಣಿಗೆಂದು ಕೇಂದ್ರ ಸರ್ಕಾರ ಪ್ರತಿವರ್ಷ ತೆಗೆದಿಡುವ ಹಣ. 2025-26ರ ಬಜೆಟ್‌ನಲ್ಲಿ ರಕ್ಷಣಾ ಸಚಿವಾಲಯಕ್ಕೆ ದೊರೆತದ್ದು 6.81 ಲಕ್ಷ ಕೋಟಿ ರೂಪಾಯಿ. ಇದು ಕೇಂದ್ರದ ಒಟ್ಟು ವೆಚ್ಚದಲ್ಲಿ ಶೇ 13.45; ಒಟ್ಟು ದೇಶೀಯ ಉತ್ಪನ್ನದಲ್ಲಿ (ಜಿಡಿಪಿ) ಸುಮಾರು ಶೇ 1.9.

ಅಳತೆಯಲ್ಲೇ ಮೊದಲ ತೊಡಕಿದೆ. ಗಡಿ ಕಾಯುವ ಬಿಎಸ್‌ಎಫ್, ಐಟಿಬಿಪಿ ಪಡೆಗಳ ಖರ್ಚು ಗೃಹ ಸಚಿವಾಲಯದ ಲೆಕ್ಕದಲ್ಲಿ ಬರುತ್ತದೆ. ಪಿಂಚಣಿಯನ್ನು ಸೇರಿಸಿದರೆ ಒಂದು ಮೊತ್ತ, ಬಿಟ್ಟರೆ ಇನ್ನೊಂದು. ಅರೆಸೇನಾಪಡೆಗಳನ್ನೂ ಎಣಿಸುವ ಸ್ಟಾಕ್‌ಹೋಮ್‌ನ ಶಾಂತಿ ಸಂಶೋಧನಾ ಸಂಸ್ಥೆ ಸಿಪ್ರಿಯ ಪ್ರಕಾರ 2024ರಲ್ಲಿ ಭಾರತ 8,610 ಕೋಟಿ ಡಾಲರ್ ವ್ಯಯಿಸಿ ಜಗತ್ತಿನಲ್ಲಿ ಐದನೆಯ ಸ್ಥಾನದಲ್ಲಿತ್ತು. ಅದು ಜಿಡಿಪಿಯ ಶೇ 2.3. ಅದೇ ಸಂಸ್ಥೆಯ ಅಂದಾಜಿನಂತೆ ಚೀನಾ ತನ್ನ ಜಿಡಿಪಿಯ ಶೇ 1.7ರಷ್ಟನ್ನು ಮಾತ್ರ ತೆಗೆದಿಟ್ಟಿತು, ಆದರೆ ಆ ಮೊತ್ತ 31,400 ಕೋಟಿ ಡಾಲರ್. ಶೇಕಡಾವಾರು ಲೆಕ್ಕದಿಂದ ದೇಶ ಹೊತ್ತ ಹೊರೆ ತಿಳಿಯುತ್ತದೆ, ಗಡಿಯಲ್ಲಿ ನಿಂತ ಬಲ ತಿಳಿಯುವುದಿಲ್ಲ. ಚರ್ಚೆಗಳಲ್ಲಿ ಇವೆರಡೂ ಬೆರೆತುಹೋಗುತ್ತವೆ.

ಸ್ವಾತಂತ್ರ್ಯದ ನಂತರದ ಒಂದೂವರೆ ದಶಕ ಈ ವೆಚ್ಚ ಜಿಡಿಪಿಯ ಶೇ 2ರ ಆಸುಪಾಸಿನಲ್ಲಿತ್ತು. ಅಣೆಕಟ್ಟು, ಉಕ್ಕಿನ ಕಾರ್ಖಾನೆ, ಶಾಲೆಗಳಿಗೆ ಹಣ ಬೇಕಾಗಿದ್ದ ಕಾಲ ಅದು. ಆ ಆಯ್ಕೆಯನ್ನು ಬರೀ ಅಲಕ್ಷ್ಯವೆಂದು ತಳ್ಳಿಹಾಕುವುದು ಸರಿಯಲ್ಲ. 1962ರ ಚೀನಾ ಯುದ್ಧ ಆ ಎಣಿಕೆಯನ್ನು ಮುರಿಯಿತು. ರಕ್ಷಣಾ ಸಚಿವ ಕೃಷ್ಣ ಮೆನನ್ ರಾಜೀನಾಮೆ ಕೊಟ್ಟರು. ರಾಷ್ಟ್ರೀಯ ರಕ್ಷಣಾ ನಿಧಿಗೆ ಹೆಂಗಸರು ಮೈಮೇಲಿನ ಒಡವೆ ಬಿಚ್ಚಿಕೊಟ್ಟರು. ಮೊರಾರ್ಜಿ ದೇಸಾಯಿ ಮಂಡಿಸಿದ 1963-64ರ ಬಜೆಟ್ ರಕ್ಷಣೆಗೆ 867 ಕೋಟಿ ರೂಪಾಯಿ ಮೀಸಲಿಟ್ಟು, ಜನರ ಮೇಲೆ ಕಡ್ಡಾಯ ಠೇವಣಿಯನ್ನೂ ಹೇರಿತು. 1964ರಿಂದ ಸೇನೆಗೂ ಪಂಚವಾರ್ಷಿಕ ಯೋಜನೆ ಬಂತು. 1980ರ ದಶಕದ ಉತ್ತರಾರ್ಧದಲ್ಲಿ ಬೋಫೋರ್ಸ್ ಫಿರಂಗಿಗಳಂಥ ದೊಡ್ಡ ಖರೀದಿಗಳಿಂದ ವೆಚ್ಚ ಮತ್ತೆ ಏರಿತು. 1991ರ ವಿದೇಶಿ ವಿನಿಮಯ ಬಿಕ್ಕಟ್ಟಿನ ಬಳಿಕ ಜಿಡಿಪಿಯಲ್ಲಿ ಅದರ ಪಾಲು ಇಳಿಯಿತು.

ಜಿಡಿಪಿಯ ಶೇ 3ರಷ್ಟನ್ನಾದರೂ ರಕ್ಷಣೆಗೆ ಕೊಡಬೇಕೆಂದು ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿ ಹಲವು ಬಾರಿ ಹೇಳಿದೆ. ಇದನ್ನು 2025-26ರ ಬಜೆಟ್‌ಗೆ ಅನ್ವಯಿಸಿದರೆ ಹೆಚ್ಚುವರಿಯಾಗಿ ಸುಮಾರು 3.9 ಲಕ್ಷ ಕೋಟಿ ರೂಪಾಯಿ ಬೇಕು. ಆ ವರ್ಷ ಕೇಂದ್ರದ ಶಿಕ್ಷಣ ಮತ್ತು ಆರೋಗ್ಯ ಸಚಿವಾಲಯಗಳೆರಡಕ್ಕೂ ಸೇರಿ ಸಿಕ್ಕಿದ್ದು ಅದಕ್ಕಿಂತ ಕಡಿಮೆ. ಶೇ 3 ಕೇಳುವವರು ಆ ಹಣವನ್ನು ಯಾವ ಬಾಬ್ತಿನಿಂದ ತೆಗೆಯಬೇಕೆಂದೂ ಹೇಳಬೇಕಾಗುತ್ತದೆ. ಅನ್ಯ ದೇಶಗಳ ಮಾದರಿ ಇಲ್ಲಿ ಹೆಚ್ಚು ನೆರವಾಗದು. ಕೋಸ್ಟರಿಕಾ 1948ರಲ್ಲಿ ಸೇನೆಯನ್ನೇ ರದ್ದುಮಾಡಿತು. ನ್ಯಾಟೊ ದೇಶಗಳು 2025ರಲ್ಲಿ, 2035ರೊಳಗೆ ಶೇ 5 ಮುಟ್ಟಲು ಒಪ್ಪಿಕೊಂಡವು. ಎರಡೂ ಆಯಾ ಪರಿಸ್ಥಿತಿಯನ್ನು ನೋಡಿ ಮಾಡಿದ ತೀರ್ಮಾನಗಳು.

ಮೊತ್ತಕ್ಕಿಂತ ಮುಖ್ಯವಾದದ್ದು ಅದರ ಒಳಹಂಚಿಕೆ. 2025-26ರ ಹಂಚಿಕೆಯಲ್ಲಿ ಹೊಸ ವಿಮಾನ, ಹಡಗು, ಫಿರಂಗಿಗಳನ್ನು ಕೊಳ್ಳುವ ಬಂಡವಾಳ ವೆಚ್ಚ 1.80 ಲಕ್ಷ ಕೋಟಿ, ಪಿಂಚಣಿ 1.61 ಲಕ್ಷ ಕೋಟಿ. ಹೆಚ್ಚುಕಡಿಮೆ ಸರಿಸಮ. ಅರ್ಧಕ್ಕೆ ಸಮೀಪದ ಹಣ ಸಂಬಳ, ಇಂಧನ, ದುರಸ್ತಿಯಂಥ ನಿತ್ಯದ ಖರ್ಚಿಗೆ ಹೋಗುತ್ತದೆ. ಸಮಾನ ಶ್ರೇಣಿ ಸಮಾನ ಪಿಂಚಣಿಯನ್ನು ಸರ್ಕಾರ 2015ರಲ್ಲಿ ಒಪ್ಪಿಕೊಂಡಿತು. ನಾಲ್ಕು ವರ್ಷ ದುಡಿಸಿಕೊಂಡು ನಾಲ್ವರಲ್ಲಿ ಒಬ್ಬರನ್ನಷ್ಟೇ ಉಳಿಸಿಕೊಳ್ಳುವ ಅಗ್ನಿಪಥ ಯೋಜನೆ 2022ರಲ್ಲಿ ಬಂತು. ಪಿಂಚಣಿಯ ಭಾರ ಇಳಿಸುವುದೇ ಅದರ ಉದ್ದೇಶವೆಂದು ಟೀಕಾಕಾರರು ವಾದಿಸಿದರೆ, ಸೇನೆಯ ಸರಾಸರಿ ವಯಸ್ಸನ್ನು ಇಳಿಸುವುದೆಂದು ಸರ್ಕಾರ ಹೇಳಿತು. ಹಿಮದಲ್ಲಿ ನಿಂತು ಬಂದವನ ಪಿಂಚಣಿ ಋಣ ಸಂದಾಯ. ಅದನ್ನು ದುಂದುವೆಚ್ಚ ಎನ್ನಲಾಗದು. ಆದರೆ ಹಂಚಿಕೆ ಹೀಗೇ ಇರುವವರೆಗೆ ಒಟ್ಟು ಮೊತ್ತ ಏರಿತೆಂದ ಮಾತ್ರಕ್ಕೆ ಹೊಸ ಆಯುಧಗಳಿಗೆ ಅಷ್ಟೇ ಹಣ ಸಿಕ್ಕಿತೆಂದು ತಿಳಿಯುವಂತಿಲ್ಲ.

ಈ ಹಣದ ಒಂದು ಪಾಲು ಹರಿಯುವುದು ಕರ್ನಾಟಕಕ್ಕೆ. ಬೆಂಗಳೂರಿನಲ್ಲಿ ವಾಲ್ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ನೆರವಿನಿಂದ 1940ರಲ್ಲಿ ಆರಂಭಿಸಿದ ವಿಮಾನ ಕಾರ್ಖಾನೆಯೇ ಇಂದಿನ ಎಚ್‌ಎಎಲ್. 97 ತೇಜಸ್ ಯುದ್ಧವಿಮಾನಗಳಿಗಾಗಿ 62,000 ಕೋಟಿಗೂ ಮಿಕ್ಕಿದ ಒಪ್ಪಂದ 2025ರ ಸೆಪ್ಟೆಂಬರ್‌ನಲ್ಲಿ ಅದಕ್ಕೆ ದೊರೆಯಿತು. ಹಣದ ಹರಿವು ನಿಂತರೆ ಏನಾಗುತ್ತದೆಂಬುದಕ್ಕೆ ಕಾರವಾರದ ಸೀಬರ್ಡ್ ನೌಕಾನೆಲೆ ಸಾಕ್ಷಿ. 1986ರಲ್ಲಿ ರಾಜೀವ್ ಗಾಂಧಿ ಶಂಕುಸ್ಥಾಪನೆ ಮಾಡಿದರು. ಹಣದ ಮುಗ್ಗಟ್ಟಿನಿಂದ ಕೆಲಸ ವರ್ಷಗಟ್ಟಲೆ ತಡವಾಗಿ, ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಆ ನೆಲೆ ಸೇವೆಗೆ ಸೇರಿದ್ದು 2005ರ ಮೇ ತಿಂಗಳಲ್ಲಿ. ಅದಕ್ಕಾಗಿ ಕಾರವಾರ, ಅಂಕೋಲಾ ತಾಲ್ಲೂಕುಗಳ ಕರಾವಳಿ ಹಳ್ಳಿಗಳವರು ಗದ್ದೆ, ತೋಟ, ದೋಣಿ ಎಳೆದಿಡುತ್ತಿದ್ದ ದಂಡೆಗಳನ್ನು ಬಿಟ್ಟು ಎದ್ದುಹೋದರು. ನೆಲೆಯಲ್ಲಿ ಯುದ್ಧನೌಕೆಗಳು ಲಂಗರು ಹಾಕಿ ವರ್ಷಗಳಾದ ಮೇಲೂ ಅವರ ಭೂಪರಿಹಾರದ ಮೊಕದ್ದಮೆಗಳು ನ್ಯಾಯಾಲಯಗಳಲ್ಲಿ ನಡೆಯುತ್ತಲೇ ಇದ್ದವು.