ಯಂತ್ರ ಸೋತಿತು, ಆಟ ಗೆದ್ದಿತು

ಪುಸ್ತಕವನ್ನು ಯಾವ ದೀಪದ ಬೆಳಕಿನಲ್ಲಾದರೂ ಓದಬಹುದು. ವಿಡಿಯೋ ಆಟ ಹಾಗಲ್ಲ. ಅದು ತನ್ನ ಯಂತ್ರಕ್ಕೆ ಕಟ್ಟುಬಿದ್ದದ್ದು. ಯಂತ್ರ ಮೂಲೆ ಸೇರಿದರೆ ಆಟವೂ ಮೂಲೆ ಸೇರುತ್ತದೆ.

ಜಪಾನಿನ ಕ್ಯೋಟೋದ ನಿಂಟೆಂಡೊ ಸಂಸ್ಥೆ 2012ರಲ್ಲಿ ತಂದ 'ವೀ ಯೂ' ಸೋತಿತು. ಮಾರಾಟವಾದದ್ದು ಸುಮಾರು 1.36 ಕೋಟಿ ಯಂತ್ರ. 2014ರ 'ಮಾರಿಯೋ ಕಾರ್ಟ್ 8'ರಂಥ ಒಳ್ಳೆಯ ಆಟಗಳೂ ಅದರೊಡನೆ ಮಂಕಾದವು.

2017ರ ಮಾರ್ಚ್‌ನಲ್ಲಿ ಬಂದ 'ಸ್ವಿಚ್' ಟಿ.ವಿ.ಗೂ ಸೈ, ಅಂಗೈಗೂ ಸೈ. 'ಸೂಪರ್ ಮಾರಿಯೋ ಒಡಿಸ್ಸಿ'ಯಂಥ ಹೊಸ ಆಟಗಳು ಅದಕ್ಕೆ ಹೆಸರು ತಂದುಕೊಟ್ಟದ್ದು ನಿಜ. ಆದರೆ ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ಮಾರಾಟವಾದದ್ದು ಅದೇ ಹಳೆಯ 'ಮಾರಿಯೋ ಕಾರ್ಟ್ 8'ರ ಪರಿಷ್ಕೃತ ರೂಪ: 6 ಕೋಟಿಗೂ ಹೆಚ್ಚು ಪ್ರತಿ.

ಎಲ್ಲ ಆಟಗಳಿಗೂ ಈ ಭಾಗ್ಯವಿರಲಿಲ್ಲ. ಟಿ.ವಿ. ಮತ್ತು ಕೈಪರದೆ ಎರಡನ್ನೂ ಒಟ್ಟಿಗೆ ಬೇಡುವ 'ನಿಂಟೆಂಡೊ ಲ್ಯಾಂಡ್' ಸ್ವಿಚ್‌ಗೆ ದಾಟಲಿಲ್ಲ. 2023ರಲ್ಲಿ ವೀ ಯೂನ ಅಂತರ್ಜಾಲ ಮಳಿಗೆಯೂ ಮುಚ್ಚಿತು.