ಸಿಂಗ್‌ಭೂಮ್‌ನ ಕಬ್ಬಿಣ, ಬೆಂಗಳೂರಿನಲ್ಲೂ ಅದೇ ರೇಟು

ಹೋದ ಬೇಸಿಗೆಯಲ್ಲಿ ನಮ್ಮ ಬೀದಿಯ ಮನೆಯೊಂದಕ್ಕೆ ಮೋಲ್ಡ್ ಹಾಕುವ ಮುಂಚೆ ಕಂಬಿ ಕಟ್ಟಲು ನಾಲ್ಕು ಜನ ಹುಡುಗರು ಬಂದಿದ್ದರು. ಒಬ್ಬನನ್ನು ಯಾವೂರಪ್ಪ ಅಂತ ಕೇಳಿದೆ. ‘ಚಾಯಿಬಾಸಾ’ ಅಂದ. ಅದು ಜಾರ್ಖಂಡದ ಪಶ್ಚಿಮ ಸಿಂಗ್‌ಭೂಮ್ ಜಿಲ್ಲೆಯ ಕೇಂದ್ರ. ನೋವಾಮುಂಡಿ ಗಣಿ ಇರುವುದು ಅದೇ ಜಿಲ್ಲೆಯಲ್ಲಿ. ಅಲ್ಲಿ ಟಾಟಾ ಕಂಪನಿ ಸುಮಾರು ನೂರು ವರ್ಷದಿಂದ ಅದಿರು ತೆಗೆಯುತ್ತಿದೆ. ಅಂಥ ಊರಿನ ಹುಡುಗ ಎರಡು ದಿನ ರೈಲಿನಲ್ಲಿ ಕೂತು ಬಂದು ನಮ್ಮೂರಲ್ಲಿ ಕಬ್ಬಿಣ ಕಟ್ಟುತ್ತಿದ್ದಾನಲ್ಲ, ಅವನ ಊರಿನ ಕಬ್ಬಿಣ ಅವನ ಊರಿಗೆ ಯಾಕೆ ಕೆಲಸ ಕೊಡಲಿಲ್ಲ?

ಇದಕ್ಕೆ ಕಾರಣಗಳು ಹಲವು. ನಮ್ಮಲ್ಲಿ ಹೆಚ್ಚಿನವರು ಕೇಳಿಯೇ ಇರದ ಒಂದನ್ನು ಇಲ್ಲಿ ಹೇಳುತ್ತೇನೆ. ಅದು ಒಂದು ರೈಲು ಬಾಡಿಗೆಯ ಲೆಕ್ಕ.

ಮೊದಲು ಉಕ್ಕಿನ ಕಾರ್ಖಾನೆ ಎಲ್ಲಿ ಏಳುತ್ತದೆ ಅನ್ನುವುದನ್ನು ನೋಡೋಣ. ಅದಿರು ಇದ್ದರೆ ಸಾಲದು, ಕರಗಿಸಲು ಕಲ್ಲಿದ್ದಲು ಬೇಕು. ಅದೂ ಎಲ್ಲ ಕಲ್ಲಿದ್ದಲಲ್ಲ, ಕೋಕ್ ಮಾಡಲು ಬರುವಂಥದ್ದು. ದೇಶದಲ್ಲಿ ಅಂಥ ಕಲ್ಲಿದ್ದಲು ಮುಖ್ಯವಾಗಿ ಸಿಗುವುದು ಧನ್‌ಬಾದ್ ಹತ್ತಿರದ ಝರಿಯಾದಲ್ಲಿ. 1904ರಲ್ಲಿ ಭೂವಿಜ್ಞಾನಿ ಪಿ. ಎನ್. ಬೋಸ್ ಅವರು ಒಡಿಶಾದ ಮಯೂರ್‌ಭಂಜ್ ಸಂಸ್ಥಾನದ ಗೊರುಮಹಿಸಾನಿ ಬೆಟ್ಟದಲ್ಲಿ ಒಳ್ಳೆಯ ಅದಿರಿದೆ ಎಂದು ಟಾಟಾ ಅವರಿಗೆ ಪತ್ರ ಬರೆದರು. ಒಂದು ಕಡೆ ಆ ಬೆಟ್ಟ, ಇನ್ನೊಂದು ಕಡೆ ಝರಿಯಾ, ನಡುವೆ ಸುವರ್ಣರೇಖಾ ಮತ್ತು ಖರ್ಕಾಯಿ ನದಿಗಳು ಕೂಡುವ ಜಾಗದಲ್ಲಿ ಸಾಕ್ಚಿ ಎಂಬ ಹಳ್ಳಿ. ಕಂಪನಿ ಶುರುವಾದದ್ದು 1907ರಲ್ಲಿ, ಉಕ್ಕು ಬಂದದ್ದು 1912ರಲ್ಲಿ. ಆ ಸಾಕ್ಚಿಯೇ ಇವತ್ತಿನ ಜಮ್‌ಶೆಡ್‌ಪುರ.

ಕಲ್ಲಿದ್ದಲು ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಭದ್ರಾವತಿಯೇ ಸಾಕ್ಷಿ. ಕೆಮ್ಮಣ್ಣುಗುಂಡಿಯಲ್ಲಿ ಅದಿರು ಇತ್ತು, ಕಲ್ಲಿದ್ದಲು ಇರಲಿಲ್ಲ. ಹಾಗಾಗಿ 1923ರಲ್ಲಿ ಶುರುವಾದ ಮೈಸೂರು ಕಬ್ಬಿಣದ ಕಾರ್ಖಾನೆ ಮಲೆನಾಡಿನ ಕಾಡು ಕಡಿದು ಇದ್ದಿಲು ಸುಟ್ಟು ಕುಲುಮೆ ನಡೆಸಿತು. ಅದು ಜಮ್‌ಶೆಡ್‌ಪುರದಷ್ಟು ಬೆಳೆಯಲು ಸಾಧ್ಯವಿರಲಿಲ್ಲ.

ಅಂದರೆ ನೆಲದ ಲೆಕ್ಕದಲ್ಲಿ ಪೂರ್ವದ ಬಿಹಾರ, ಬಂಗಾಳ, ಒಡಿಶಾಗಳಿಗೆ ಒಂದು ಅನುಕೂಲವಿತ್ತು. ಬೋಲ್ಟು, ಪೈಪು, ಸೈಕಲ್ಲು, ಪಂಪು, ಲೇತ್ ಮಾಡುವವನು ಅಲ್ಲೇ ಪಕ್ಕದಲ್ಲಿ ಶೆಡ್ ಹಾಕಿದರೆ ಉಕ್ಕು ಅಗ್ಗಕ್ಕೆ ಸಿಗಬೇಕಿತ್ತು.

ಸ್ವಾತಂತ್ರ್ಯ ಬಂದ ಮೇಲೆ, 1950ರ ದಶಕದಲ್ಲಿ, ಕೇಂದ್ರ ಸರ್ಕಾರ ಈ ಅನುಕೂಲವನ್ನು ತೆಗೆದುಹಾಕಿತು. ಉಕ್ಕಿನ ಬೆಲೆಯನ್ನು ಆಗ ಸರ್ಕಾರವೇ ಕಟ್ಟುತ್ತಿತ್ತು. ದೇಶದ ಯಾವ ರೈಲ್ವೆ ಸ್ಟೇಷನ್ನಿನಲ್ಲಿ ಇಳಿಸಿಕೊಂಡರೂ ಒಂದೇ ಬೆಲೆ ಎಂದು ಅದು ನಿಯಮ ಮಾಡಿತು. ಇದಕ್ಕೆ ಸರಕು ಸಾಗಣೆ ದರ ಸಮೀಕರಣ ಎಂದು ಹೆಸರು. ಅಂಚೆ ಕಾರ್ಡು ನೆನಪಿಸಿಕೊಳ್ಳಿ. ಪಕ್ಕದ ಊರಿಗೆ ಬರೆದರೂ ದಿಲ್ಲಿಗೆ ಬರೆದರೂ ಕಾರ್ಡಿನ ಬೆಲೆ ಒಂದೇ. ಉಕ್ಕಿಗೂ ಹಾಗೇ ಮಾಡಿದರು.

ಕಾರ್ಡಾದರೆ ಸರಿ, ಟನ್ನುಗಟ್ಟಲೆ ಉಕ್ಕಿಗೆ ಬಾಡಿಗೆ ಯಾರೋ ಕೊಡಲೇಬೇಕಲ್ಲ? ಬರೀ ಲೆಕ್ಕಕ್ಕೆ ಒಂದು ಉದಾಹರಣೆ ಹೇಳುತ್ತೇನೆ. ಕಾರ್ಖಾನೆಯ ಬಾಗಿಲಲ್ಲೇ ಇರುವವನಿಗೆ ಸಾಗಣೆ ಖರ್ಚು 10 ರೂಪಾಯಿ, ದೂರದವನಿಗೆ 50 ಅನ್ನಿ. ಇಬ್ಬರಿಂದಲೂ 30 ವಸೂಲಿ ಮಾಡಿದರೆ ದೂರದವನಿಗೆ 20 ಉಳಿತಾಯ. ಆ 20 ಬಂದದ್ದು ಬಾಗಿಲಲ್ಲಿರುವವನ ಜೇಬಿನಿಂದ.

ಸರ್ಕಾರದ ಉದ್ದೇಶ ಕೆಟ್ಟದ್ದಾಗಿತ್ತು ಎಂದು ನನಗನ್ನಿಸುವುದಿಲ್ಲ. ಇಷ್ಟು ದೊಡ್ಡ ದೇಶದಲ್ಲಿ ಕೈಗಾರಿಕೆ ಒಂದೇ ಮೂಲೆಯಲ್ಲಿ ಗುಂಪುಗೂಡಬಾರದು, ಅದಿರಿಲ್ಲದ ರಾಜ್ಯದವರಿಗೂ ಕೆಲಸ ಸಿಗಬೇಕು ಅನ್ನುವುದು ನ್ಯಾಯವೇ. ತಪ್ಪಿದ್ದು ಒಂದು ಕಡೆ. ಈ ನ್ಯಾಯ ಎಲ್ಲ ಸರಕಿಗೂ ಇರಲಿಲ್ಲ. ಹತ್ತಿಯನ್ನೇ ನೋಡಿ. ಹತ್ತಿ ಬೆಳೆಯುವುದು ಪಶ್ಚಿಮ ಮತ್ತು ದಕ್ಷಿಣದಲ್ಲಿ. ಪೂರ್ವದವನು ಬಟ್ಟೆ ಗಿರಣಿ ಹಾಕುತ್ತೇನೆಂದರೆ ಹತ್ತಿಯ ಪೂರ್ತಿ ರೈಲು ಬಾಡಿಗೆ ಅವನ ತಲೆಗೇ. ಅವರ ಉಕ್ಕು ಎಲ್ಲರದ್ದಾಯಿತು, ನಮ್ಮ ಹತ್ತಿ ನಮ್ಮದಾಗೇ ಉಳಿಯಿತು. ಪಶ್ಚಿಮ ಬಂಗಾಳದ ಸರ್ಕಾರ ಈ ವಿಷಯಕ್ಕೆ ದಿಲ್ಲಿಯೊಂದಿಗೆ ವರ್ಷಗಟ್ಟಲೆ ಜಗಳವಾಡಿತು.

ಕಾರ್ಖಾನೆಗಳು ರಾತ್ರೋರಾತ್ರಿ ಎದ್ದು ಹೋಗಲಿಲ್ಲ. ಹೊಸದಾಗಿ ಶೆಡ್ ಹಾಕುವವನು ಬಂದರು, ಕೊಳ್ಳುವ ಜನ, ಕರೆಂಟು ಇರುವ ಕಡೆ ಹುಡುಕಿದ. ಉಕ್ಕಿನ ಬೆಲೆ ಎಲ್ಲ ಕಡೆ ಒಂದೇ ಆದ ಮೇಲೆ ಗಣಿಯ ಪಕ್ಕ ಕೂರಲು ಅವನಿಗೆ ಕಾರಣವೇ ಉಳಿಯಲಿಲ್ಲ. ಲಾರಿ ಮಾಡುವ ಟೆಲ್ಕೊ ಕಂಪನಿ 1945ರಲ್ಲಿ ಹುಟ್ಟಿದ್ದು ಜಮ್‌ಶೆಡ್‌ಪುರದಲ್ಲಿ, 1960ರ ದಶಕದಲ್ಲಿ ದೊಡ್ಡ ಹೊಸ ಘಟಕ ಹಾಕಿದ್ದು ಪುಣೆಯಲ್ಲಿ. ಕಾರಣ ಇದೊಂದೇ ಎನ್ನಲಾರೆ. ಆದರೆ ಲುಧಿಯಾನಾ, ಕೊಯಮತ್ತೂರು, ಮುಂಬೈಗಳ ವರ್ಕ್‌ಶಾಪುಗಳಿಗೆ ಇದರಿಂದ ಬಲ ಬಂತು. ಬೆಂಗಳೂರಿಗೂ ಬಂತು. 1953ರಲ್ಲಿ ಶುರುವಾದ ಎಚ್‌ಎಂಟಿ, ಆಮೇಲೆ ಪೀಣ್ಯದಲ್ಲಿ ಸಾಲುಗಟ್ಟಿದ ಶೆಡ್‌ಗಳು, ಎಲ್ಲಕ್ಕೂ ಉಕ್ಕು ಬಂದದ್ದು ಈ ಸಮಬೆಲೆಯಲ್ಲಿ. ನಮ್ಮ ಎಷ್ಟೋ ಮನೆಗಳ ಅಣ್ಣಂದಿರು, ಮಾವಂದಿರು ಐಟಿಐ ಮುಗಿಸಿ ಕೆಲಸಕ್ಕೆ ಸೇರಿದ್ದು ಅಲ್ಲೇ. ಅಂದರೆ ಲಾಭ ಪಡೆದವರ ಪಟ್ಟಿಯಲ್ಲಿ ನಾವೂ ಇದ್ದೇವೆ.

ಹಾಗಂತ ಬಿಹಾರದ ಬಡತನಕ್ಕೆಲ್ಲ ರೈಲು ಬಾಡಿಗೆಯೇ ಕಾರಣ ಎನ್ನುವವರನ್ನು ನಾನು ಒಪ್ಪುವುದಿಲ್ಲ. 1793ರ ಜಮೀನ್ದಾರಿ ವ್ಯವಸ್ಥೆ ಅಲ್ಲಿನ ರೈತನನ್ನು ಮೊದಲೇ ಹಿಂಡಿತ್ತು. ಸರ್ಕಾರ ಪೂರ್ವಕ್ಕೆ ಏನೂ ಕೊಡಲಿಲ್ಲ ಅನ್ನುವುದೂ ಸುಳ್ಳು. ರೂರ್ಕೆಲಾ, ದುರ್ಗಾಪುರ, ಬೊಕಾರೊ ಎಲ್ಲ ಅಲ್ಲೇ ಎದ್ದವು. ಆದರೆ ದೊಡ್ಡ ಕುಲುಮೆಯೊಂದು ಕೊಡುವ ಕೆಲಸಕ್ಕಿಂತ ಅದರ ಸುತ್ತ ಹುಟ್ಟುವ ನೂರಾರು ಸಣ್ಣ ಶೆಡ್‌ಗಳು ಕೊಡುವ ಕೆಲಸ ಹೆಚ್ಚು. ಪೂರ್ವಕ್ಕೆ ದಕ್ಕದೇ ಹೋದದ್ದರಲ್ಲಿ ಅಂಥ ಶೆಡ್‌ಗಳೇ ಬಹಳ.

1990ರ ದಶಕದ ಆರಂಭದಲ್ಲಿ ಉಕ್ಕಿನ ಬೆಲೆಯ ಮೇಲಿನ ಹಿಡಿತ ಸಡಿಲವಾದಾಗ ಈ ನಿಯಮವೂ ಹೋಯಿತು. 2000ದಲ್ಲಿ ಜಾರ್ಖಂಡ ಬೇರೆ ರಾಜ್ಯವಾಯಿತು. ಅಷ್ಟರಲ್ಲಿ ಉಕ್ಕಿನ ಭೂಗೋಳವೇ ಬದಲಾಗುತ್ತಿತ್ತು. ನಮ್ಮ ತೋರಣಗಲ್ಲಿನಲ್ಲಿ ಸರ್ಕಾರಿ ಉಕ್ಕಿನ ಕಾರ್ಖಾನೆಗೆ ಇಂದಿರಾ ಗಾಂಧಿ 1971ರಲ್ಲೇ ಅಡಿಗಲ್ಲು ಹಾಕಿದ್ದರು, ಕಾರ್ಖಾನೆ ಬರಲಿಲ್ಲ. ಕೊನೆಗೆ 1990ರ ದಶಕದಲ್ಲಿ ಜಿಂದಾಲ್ ಕಂಪನಿ ಕಟ್ಟಿತು. ಅದಿರು ಪಕ್ಕದಲ್ಲೇ, ಕಲ್ಲಿದ್ದಲು ಹಡಗಿನಲ್ಲಿ ಹೊರದೇಶದಿಂದ. ಝರಿಯಾದ ಹತ್ತಿರವೇ ಇರಬೇಕೆಂಬ ಹಳೆ ಲೆಕ್ಕ ಮುಗಿಯಿತು.

ಅದಿರಿನ ಊರುಗಳಿಗೆ ನಷ್ಟವಾದ ಇನ್ನೊಂದು ದಾರಿಯಿದೆ, ಅದರಲ್ಲಿ ಬಳ್ಳಾರಿಯೂ ಸಿಂಗ್‌ಭೂಮೂ ಜೊತೆಗಾರರು. 2009ರ ತನಕ ಕಬ್ಬಿಣದ ಅದಿರಿಗೆ ರಾಯಲ್ಟಿ ಟನ್ನಿಗೆ ಇಷ್ಟೆಂದು ನಿಗದಿಯಾಗಿತ್ತು. ಅದು 30 ರೂಪಾಯಿಯನ್ನೂ ಮುಟ್ಟುತ್ತಿರಲಿಲ್ಲ. ಚೀನಾಕ್ಕೆ ಹೋಗುವ ಅದಿರು ಟನ್ನಿಗೆ ಸಾವಿರಾರು ರೂಪಾಯಿಗೆ ಮಾರಾಟವಾಗುತ್ತಿದ್ದ ದಿನಗಳಲ್ಲೂ ಅಷ್ಟೇ. 2009ರಲ್ಲಿ ಅದನ್ನು ಬೆಲೆಯ ಶೇ. 10ಕ್ಕೆ, 2014ರಲ್ಲಿ ಶೇ. 15ಕ್ಕೆ ಏರಿಸಿದರು. 2015ರ ತಿದ್ದುಪಡಿಯ ಪ್ರಕಾರ ಹಳೆ ಗುತ್ತಿಗೆಯ ಗಣಿಗಳು ರಾಯಲ್ಟಿಯ ಶೇ. 30ರಷ್ಟನ್ನೂ ಹರಾಜಿನಲ್ಲಿ ಪಡೆದ ಗಣಿಗಳು ಶೇ. 10ರಷ್ಟನ್ನೂ ಮೇಲಿಂದ ಕೊಟ್ಟು ಜಿಲ್ಲಾ ಖನಿಜ ನಿಧಿಗೆ ತುಂಬಬೇಕು. ಆ ಹಣ ಗಣಿ ಬಾಧಿತ ಹಳ್ಳಿಗಳ ನೀರು, ಶಾಲೆ, ಆಸ್ಪತ್ರೆಗೆ ಮೀಸಲು.

ಚಾಯಿಬಾಸಾದ ಹುಡುಗನಿಗೆ ಈ ನಿಧಿಯ ವಿಷಯ ಕೇಳಿದೆ. ಗೊತ್ತಿಲ್ಲ ಅಂದ. ಅವನು ಕಟ್ಟುತ್ತಿದ್ದ ಕಂಬಿ ತೋರಣಗಲ್ಲಿನದು.